ಮನೆಯವರಿಗಾಗಿ ವಿಜ್ಞಾನ: ಮರೆಯುವ ಯಂತ್ರವೂ ನೆನಪಿನ ಚೀಟಿಯೂ



ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಓಲೆಗಳಲ್ಲಿ ಒಂದೇ ಬಗೆಯ ಪ್ರಶ್ನೆಯು ಮೂರು ನಾಲ್ಕು ಕಡೆಗಳಿಂದ ಬಂದಿರುವುದು. ಗೃಹಿಣಿಯೊಬ್ಬರು ಹೀಗೆ ಬರೆದಿರುವರು: “ಹಬ್ಬಕ್ಕೆ ತವರಿಗೆ ಹೋಗಲು ಟಿಕೆಟು ಕೊಳ್ಳಬೇಕೆಂದು ಗಣಕಯಂತ್ರದ ಮುಂದೆ ಕುಳಿತೆನು. ಐವರ ಹೆಸರು, ವಯಸ್ಸು ಎಲ್ಲವನ್ನೂ ತುಂಬಿದ್ದಾಯಿತು. ಅಷ್ಟರಲ್ಲಿ ನೆರೆಮನೆಯವರು ಬಂದರೆಂದು ಎದ್ದು ಹೋಗಿ, ಅರ್ಧ ಗಂಟೆ ಮಾತನಾಡಿ ಬಂದು ನೋಡಿದರೆ ‘ನಿಮ್ಮ ಸೆಷನ್ ಮುಗಿದಿದೆ’ ಎಂಬ ವಾಕ್ಯ ಮಾತ್ರ ಉಳಿದು ತುಂಬಿದುದೆಲ್ಲವೂ ಮಾಯವಾಗಿದ್ದಿತು. ಮತ್ತೆ ಮೊದಲಿನಿಂದ ತುಂಬಿ ಹಣ ಕಟ್ಟಿದೆನು. ಬ್ಯಾಂಕಿನಿಂದ ಹಣವು ಹೋಯಿತು. ಟಿಕೆಟು ಮಾತ್ರ ಬರಲಿಲ್ಲ. ಹಣ ತೆಗೆದುಕೊಳ್ಳುವಾಗ ಇದ್ದ ನೆನಪು ಟಿಕೆಟು ಕೊಡುವಾಗ ಎಲ್ಲಿ ಹೋಯಿತು?”

ಈ ಸೋದರಿಯ ಪ್ರಶ್ನೆಯು ಅಲ್ಪವಾದುದಲ್ಲ. ವಿದ್ಯುತ್ತಿನ ಬಿಲ್ಲು, ಅಡಿಗೆ ಅನಿಲದ ಸಿಲಿಂಡರು, ಮಕ್ಕಳ ಶಾಲೆಯ ಶುಲ್ಕ, ಹೊಲದ ಪಹಣಿ, ವೈದ್ಯರ ಭೇಟಿಯ ಸಮಯ ಇವೆಲ್ಲವೂ ಇಂದು ಇದೇ ಬಾಗಿಲಿನಿಂದ ಮನೆಯೊಳಕ್ಕೆ ಬರತಕ್ಕವು. ಆ ಬಾಗಿಲ ಹಿಂದೆ ಕುಳಿತಿರುವ ಯಂತ್ರದ ಸ್ವಭಾವವೆಂತಹುದೆಂಬುದನ್ನು ಅರಿತರೆ, ಹಣಕ್ಕೂ ಮನಸ್ಸಿಗೂ ಆಗುವ ನಷ್ಟವು ಬಹುಮಟ್ಟಿಗೆ ತಪ್ಪುವುದು. ಆದುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ.

ಮರೆಯುವುದೇ ಅದರ ಧರ್ಮ

ನಮ್ಮ ಊರುಗಳ ಹೋಟೆಲುಗಳಲ್ಲಿ ದೋಸೆ ಕಾಫಿಗಳನ್ನು ತಂದಿಡುವವನನ್ನು ಸರ್ವರ್ ಎಂದು ಕರೆಯುವುದುಂಟಷ್ಟೆ. ಅಂತರಜಾಲದಲ್ಲಿ ನಾವು ಕೇಳಿದುದನ್ನು ತಂದೊಪ್ಪಿಸುವ ಗಣಕಯಂತ್ರಕ್ಕೂ ಅದೇ ಹೆಸರು. ಆದರೆ ಇವರಿಬ್ಬರಿಗೂ ಒಂದು ದೊಡ್ಡ ಅಂತರವುಂಟು. ಹೋಟೆಲಿನ ಸರ್ವರಿಗೆ ಮಸಾಲೆ ದೋಸೆಯೊಂದನ್ನು ಹೇಳಿ, ತಿಂದು ಮುಗಿಸಿದ ಮೇಲೆ “ಇನ್ನೊಂದು ತಾರಪ್ಪ” ಎಂದರೆ ಅವನು ಮಸಾಲೆ ದೋಸೆಯನ್ನೇ ತರುವನು. ಅಂತರಜಾಲದ ಸರ್ವರಿಗೆ ಹಾಗೆಂದರೆ “ತಾವು ಯಾರು? ಯಾವುದರಲ್ಲಿ ಇನ್ನೊಂದು?” ಎಂದು ಕೇಳುವುದು. ಕೋರಿಕೆ ಬಂದಿತು, ಉತ್ತರ ಕೊಟ್ಟಿತು, ಮರೆಯಿತು. ಇಷ್ಟೇ ಅದರ ನಡೆ. ಒಂದು ಕೋರಿಕೆಗೂ ಮುಂದಿನ ಕೋರಿಕೆಗೂ ಅದರ ದೃಷ್ಟಿಯಲ್ಲಿ ಯಾವ ನಂಟೂ ಇಲ್ಲ.

ಇದು ಯಂತ್ರದ ಕುಂದಲ್ಲ. ಬೇಕೆಂದೇ ಮಾಡಿದ ಏರ್ಪಾಡು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿದ್ವಾಂಸರು 1989ರಲ್ಲಿ ಈ ಜಾಲದ ಯೋಜನೆಯನ್ನು ಮುಂದಿಟ್ಟರು. ಅಲ್ಲಿ ಯಂತ್ರಗಳು ಮಾತನಾಡಿಕೊಳ್ಳುವ ನಿಯಮಕ್ಕೆ ಎಚ್.ಟಿ.ಟಿ.ಪಿ. ಎಂದು ಹೆಸರು. 1991ರಲ್ಲಿದ್ದ ಅದರ ಮೊದಲ ರೂಪದಲ್ಲಿ ಕೋರಿಕೆಯೆಂದರೆ ಒಂದೇ ಸಾಲು: ಇಂತಹ ಕಾಗದವನ್ನು ಕೊಡು ಎಂಬುದಿಷ್ಟೆ. ಕಾಗದವನ್ನು ಕೊಟ್ಟೊಡನೆಯೇ ಸಂಪರ್ಕವು ಕಡಿದುಹೋಗುತ್ತಿದ್ದಿತು. ವಿಜ್ಞಾನಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದಕ್ಕೆ ಅದು ಧಾರಾಳವಾಗಿ ಸಾಕಾಗಿದ್ದಿತು. ಪುಸ್ತಕ ಓದುವವನಿಗೆ ಗ್ರಂಥಪಾಲಕನ ನೆನಪಿನಿಂದ ಆಗಬೇಕಾದುದೇನು?

ಮರೆವಿನಿಂದ ಲಾಭವೂ ಉಂಟು. ಒಬ್ಬೊಬ್ಬ ಗಿರಾಕಿಯ ಅರ್ಧಂಬರ್ಧ ಕೆಲಸವನ್ನು ನೆನಪಿನಲ್ಲಿಡಲು 100 ಕಿಲೋಬೈಟು ಸ್ಥಳ ಬೇಕೆಂದು ಭಾವಿಸಿರಿ. ಹಬ್ಬದ ಮುನ್ನಾದಿನ 10 ಲಕ್ಷ ಜನರು ಒಮ್ಮೆಗೇ ಬಂದರೆ 100 ಗಿಗಾಬೈಟು ಬೇಕಾಗುವುದು. ನೆನಪಿಡದ ಸರ್ವರಿಗೆ ಈ ಹೊರೆಯಿಲ್ಲ. ಅಲ್ಲದೆ, ಇಂತಹ ಕಡೆಗಳಲ್ಲಿ ಸರ್ವರುಗಳು ಹತ್ತಾರು ನೂರಾರು ಇರುವವು. ಯಾವುದಕ್ಕೂ ನೆನಪಿಲ್ಲದಿದ್ದರೆ ಗಿರಾಕಿಯ ಕೋರಿಕೆಗೆ ಯಾವುದು ಬೇಕಾದರೂ ಉತ್ತರ ಕೊಡಬಹುದು. ಒಂದು ಕೆಟ್ಟು ನಿಂತರೆ ಇನ್ನೊಂದು ಅದರ ಸ್ಥಾನದಲ್ಲಿ ನಿಲ್ಲಬಹುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಅರ್ವೈನ್ ಶಾಖೆಯಲ್ಲಿ ರಾಯ್ ಫೀಲ್ಡಿಂಗ್ ಎಂಬವರು 2000ದಲ್ಲಿ ಬರೆದ ತಮ್ಮ ಡಾಕ್ಟರೇಟು ಪ್ರಬಂಧದಲ್ಲಿ ಇದನ್ನೇ ಒಂದು ಸೂತ್ರವನ್ನಾಗಿ ಮಾಡಿದರು. ಪ್ರತಿಯೊಂದು ಕೋರಿಕೆಯೂ ತನ್ನನ್ನು ಅರ್ಥಮಾಡಿಕೊಳ್ಳಲು ಬೇಕಾದುದೆಲ್ಲವನ್ನೂ ತಾನೇ ಹೊತ್ತು ತರಬೇಕೆಂಬುದು ಆ ಸೂತ್ರದ ತಾತ್ಪರ್ಯ.

ನೆನಪನ್ನು ಇಡುವ ಸ್ಥಳಗಳು

ಆದರೆ ವ್ಯಾಪಾರವು ಓದಿನಂತಲ್ಲ. ಸಾಮಾನನ್ನು ಆರಿಸಿದವನೂ ಬುಟ್ಟಿಗೆ ಹಾಕಿದವನೂ ಹಣ ಕೊಟ್ಟವನೂ ಒಬ್ಬನೇ ಎಂಬುದು ತಿಳಿಯದಿದ್ದರೆ ವ್ಯಾಪಾರವೇ ನಡೆಯಲಾರದು. ಆದುದರಿಂದ ಮರೆಯುವ ಯಂತ್ರದೊಡನೆ ನೆನಪಿನ ವ್ಯವಹಾರವನ್ನು ಮಾಡುವ ಉಪಾಯಗಳನ್ನು ಹುಡುಕಬೇಕಾಯಿತು. ಅವುಗಳಲ್ಲಿ ಮುಖ್ಯವಾದುವು ಮೂರು.

ಮೊದಲನೆಯದು, ಗಿರಾಕಿಯ ಕೈಯಲ್ಲಿಯೇ ಚೀಟಿಯನ್ನು ಕೊಟ್ಟು ಕಳುಹಿಸುವುದು. 1994ರಲ್ಲಿ ಎಂ.ಸಿ.ಐ. ಎಂಬ ಅಮೆರಿಕದ ದೂರವಾಣಿ ಸಂಸ್ಥೆಯು ಜಾಲದಲ್ಲಿ ವ್ಯಾಪಾರ ಮಾಡಬೇಕೆಂದಿದ್ದಿತು. ಆದರೆ ಮುಗಿಯದ ವ್ಯವಹಾರಗಳ ನೆನಪನ್ನು ತನ್ನ ಸರ್ವರುಗಳಲ್ಲಿ ಇಟ್ಟುಕೊಳ್ಳಲು ಅದಕ್ಕೆ ಇಷ್ಟವಿರಲಿಲ್ಲ. ಆಗ ನೆಟ್‌ಸ್ಕೇಪ್ ಕಂಪೆನಿಯ ಲೂ ಮಾಂಟುಲಿ ಎಂಬ ತರುಣರು, ಸರ್ವರು ಬರೆದುಕೊಟ್ಟ ಸಣ್ಣ ಚೀಟಿಯನ್ನು ಗಿರಾಕಿಯ ಬ್ರೌಸರೇ ಕಾಪಾಡಿಟ್ಟುಕೊಂಡು, ಮುಂದಿನ ಪ್ರತಿ ಕೋರಿಕೆಯೊಡನೆಯೂ ಅದನ್ನು ತಾನಾಗಿ ಮರಳಿ ತೋರಿಸುವ ಏರ್ಪಾಡನ್ನು ಕಲ್ಪಿಸಿದರು. ಇದಕ್ಕೆ ಕುಕಿ ಎಂದು ಹೆಸರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನಲ್ಲಿ ಇದು ಬಳಕೆಗೆ ಬಂದಿತು. ಇದರಲ್ಲಿ ಎರಡು ಕೊರತೆಗಳುಂಟು. ಚೀಟಿಯು ಚಿಕ್ಕದು, ಒಂದು ಕುಕಿಯಲ್ಲಿ ಸುಮಾರು 4 ಕಿಲೋಬೈಟಿಗಿಂತ ಹೆಚ್ಚು ಹಿಡಿಯದು. ಮೇಲಾಗಿ ಅದು ಗಿರಾಕಿಯ ಕೈಯಲ್ಲಿರುವುದರಿಂದ, 500 ರೂಪಾಯಿ ಎಂದು ಬರೆದುದನ್ನು ಅವನು 5 ರೂಪಾಯಿ ಎಂದು ತಿದ್ದಿ ತಂದರೆ ಅಂಗಡಿಯವನ ಗತಿಯೇನು?

ಎರಡನೆಯ ಉಪಾಯವು ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವವನದು. ಅವನು ಚಪ್ಪಲಿಯನ್ನು ತನ್ನಲ್ಲಿಯೇ ಇಟ್ಟುಕೊಂಡು ನಮಗೆ ಅಂಕಿಯಿರುವ ಒಂದು ಬಿಲ್ಲೆಯನ್ನು ಮಾತ್ರ ಕೊಡುವನು. ಹಾಗೆಯೇ ಸರ್ವರು ನಮ್ಮ ಹೆಸರು, ಬುಟ್ಟಿ, ಬೆಲೆ ಮೊದಲಾದುದನ್ನೆಲ್ಲ ತನ್ನ ಕಡತದಲ್ಲಿ ಬರೆದಿಟ್ಟುಕೊಂಡು, ಆ ಕಡತದ ಅಂಕಿಯನ್ನು ಮಾತ್ರ ಕುಕಿಯಾಗಿ ನಮಗೆ ಕೊಡುವುದು. ಈ ಕಡತಕ್ಕೇ ಸೆಷನ್ ಎನ್ನುವರು. ಅಂಕಿಯನ್ನು 1, 2, 3 ಎಂದು ಕೊಟ್ಟರೆ ಪಕ್ಕದವನ ಅಂಕಿಯನ್ನು ಯಾರಾದರೂ ಊಹಿಸಿ ಬಂದು ಬೇರೆಯವರ ಚಪ್ಪಲಿಯನ್ನು ಮೆಟ್ಟಿಕೊಂಡು ಹೋಗಬಹುದು. ಆದುದರಿಂದ ಕ್ರಮವಿಲ್ಲದ, ಬಹು ಉದ್ದವಾದ ಅಂಕಿಯನ್ನು ಕೊಡುವರು. 128 ಬಿಟ್ಟುಗಳ ಅಂಕಿಯಾದರೆ, ನಾವು ಬರೆಯುವ ರೀತಿಯಲ್ಲಿ ಬರೆದಾಗ 39 ಸ್ಥಾನಗಳವರೆಗೂ ಹೋಗುವುದು. ಅದನ್ನು ಊಹಿಸುವುದು ಮನುಷ್ಯರಿಗೂ ಯಂತ್ರಕ್ಕೂ ಸಾಧ್ಯವಿಲ್ಲ.

ಮೂರನೆಯದು ಮೊಹರು ಹಾಕಿದ ಪತ್ರ. ವಿವರವೆಲ್ಲವನ್ನೂ ಚೀಟಿಯಲ್ಲಿಯೇ ಬರೆದು, ಗಣಿತದ ರಹಸ್ಯದಿಂದ ಅದಕ್ಕೊಂದು ಮುದ್ರೆಯನ್ನು ಒತ್ತಿ ಕೊಡುವರು. ಓದಲು ಬರುವುದು, ಆದರೆ ಒಂದಕ್ಷರವನ್ನು ತಿದ್ದಿದರೂ ಮುದ್ರೆಯು ಹೊಂದದೆ ಕಳ್ಳತನ ಬಯಲಾಗುವುದು. ಇಂತಹ ಟೋಕನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದೊಂದರ ನಿಯಮಗಳು 2015ರಲ್ಲಿ ಪ್ರಕಟವಾದುವು. ಸರ್ವರು ಕಡತವನ್ನಿಡುವ ಶ್ರಮ ಇದರಲ್ಲಿ ತಪ್ಪುವುದು. ಆದರೆ ಒಮ್ಮೆ ಕೊಟ್ಟ ಪತ್ರವನ್ನು ಹಿಂದಕ್ಕೆ ಪಡೆಯುವುದು ಕಷ್ಟ; ಅದರಲ್ಲಿ ಬರೆದ ಅವಧಿಯು ಮುಗಿಯುವವರೆಗೂ ಹಿಡಿದು ಬಂದವನಿಗೆಲ್ಲ ಬಾಗಿಲು ತೆರೆಯುವುದು.

ಯಂತ್ರವು ಯಂತ್ರದೊಡನೆ ಮಾತನಾಡುವಲ್ಲಿ

ಇಷ್ಟು ನಾವು ಸರ್ವರಿನೊಡನೆ ಮಾಡುವ ವ್ಯವಹಾರ. ನಮ್ಮ ಕಣ್ಣಿಗೆ ಬೀಳದ ಇನ್ನೊಂದು ವ್ಯವಹಾರವೂ ಉಂಟು. ಟಿಕೆಟು ಮಾರುವ ಯಂತ್ರವು “ಇವರ ಹಣ ಬಂದಿತೇ?” ಎಂದು ಬ್ಯಾಂಕಿನ ಯಂತ್ರವನ್ನು ಕೇಳುವುದು, ಅದು ಮತ್ತೊಂದನ್ನು ಕೇಳುವುದು. ಹೀಗೆ ಒಂದು ಯಂತ್ರವು ಇನ್ನೊಂದರ ಸೇವೆಗಾಗಿ ತೆರೆದಿಟ್ಟಿರುವ ಕಾರ್ಯಘಟಕಗಳನ್ನು ವೆಬ್ ಸರ್ವಿಸ್ ಎನ್ನುವರು. ಇಲ್ಲಿಯೂ ಮರೆವಿನ ಧರ್ಮವೇ ನಡೆಯುವುದು. ಮಾತ್ರವಲ್ಲ, ಇನ್ನೂ ಕಠಿನವಾಗಿ ನಡೆಯುವುದು.

ಮೈಕ್ರೊಸಾಫ್ಟ್ ಕಂಪೆನಿಯು 2002ರಲ್ಲಿ ಹೊರತಂದ ಡಾಟ್‌ನೆಟ್ ಎಂಬ ಸಾಧನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಬರೆದ ವೆಬ್ ಸರ್ವಿಸಿಗೆ ಒಂದು ಕರೆ ಬಂದೊಡನೆ ಹೊಸದಾಗಿ ಒಂದು ಘಟಕವು ಹುಟ್ಟುವುದು. ಉತ್ತರ ಕೊಟ್ಟೊಡನೆ ಅದನ್ನು ಬಿಟ್ಟುಬಿಡುವರು. ದಿನವೂ ಹೊಸ ಆಳನ್ನು ಕರೆದು ಕೆಲಸ ಮುಗಿದ ಕೂಡಲೆ ಕಳುಹಿಸಿಬಿಡುವಂತೆ. ನಿನ್ನೆಯ ಆಳಿಗೆ ಹೇಳಿದ ಮಾತು ಇಂದಿನ ಆಳಿಗೆ ತಿಳಿಯುವುದಾದರೂ ಹೇಗೆ? ಹೊಸದಾಗಿ ಕಲಿತ ಕಾರ್ಯಕ್ರಮಕಾರರು ಮೊದಲ ಕರೆಯಲ್ಲಿ ಘಟಕದೊಳಗೆ ಇಟ್ಟ ಅಂಕಿಯನ್ನು ಎರಡನೆಯ ಕರೆಯಲ್ಲಿ ಹುಡುಕಿ ಕಾಣದೆ ಕಂಗೆಡುವುದು ಇದರಿಂದಲೇ. ನೆನಪು ಬೇಕಿದ್ದರೆ ಆ ಕೆಲಸಕ್ಕೆ ಸೆಷನ್ ಬೇಕೆಂದು ಬಾಯಿಬಿಟ್ಟು ಹೇಳಬೇಕು; ಹೇಳದಿದ್ದರೆ ಇಲ್ಲ. ಹೇಳಿದರೂ ಇನ್ನೊಂದು ತೊಡಕುಂಟು. ಬ್ರೌಸರು ಕುಕಿಯನ್ನು ತಾನಾಗಿ ಜೋಪಾನ ಮಾಡುವುದು. ಆದರೆ ಕರೆಯುವ ಕಡೆಯಲ್ಲಿರುವುದು ಬ್ರೌಸರಲ್ಲ, ಮತ್ತೊಂದು ಯಂತ್ರದ ಕಾರ್ಯಕ್ರಮ. ಕುಕಿಯನ್ನು ಇಡಲು ಅದಕ್ಕೊಂದು ಡಬ್ಬಿಯನ್ನು ಪ್ರತ್ಯೇಕವಾಗಿ ಕೊಡದಿದ್ದರೆ, ಪಡೆದ ಬಿಲ್ಲೆಯನ್ನು ಅಲ್ಲಿಯೇ ಎಸೆದು ಪ್ರತಿ ಸಲವೂ ಹೊಸ ಗಿರಾಕಿಯಂತೆ ಬಂದು ನಿಲ್ಲುವುದು.

ಕಡತವನ್ನು ಎಲ್ಲಿಡಬೇಕೆಂಬುದೂ ವಿಚಾರಕ್ಕೆ ತಕ್ಕದ್ದು. ಸರ್ವರಿನ ಸ್ವಂತ ಸ್ಮರಣೆಯಲ್ಲಿಯೇ ಇಟ್ಟರೆ ಕೆಲಸವು ಬಲು ಬೇಗ. ಆದರೆ ಅದನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಎಲ್ಲರ ಕಡತಗಳೂ ಅಳಿದುಹೋಗುವುವು. ನೆನಪಿಗೆಂದೇ ಬೇರೊಂದು ಯಂತ್ರವನ್ನಿಟ್ಟರೆ ಹಲವು ಸರ್ವರುಗಳು ಅದನ್ನೇ ನೋಡಿ ಉತ್ತರ ಕೊಡಬಹುದು. ದತ್ತಾಂಶದ ಭಂಡಾರದಲ್ಲಿ ಬರೆದಿಟ್ಟರೆ ನಿಧಾನವಾದರೂ ಭದ್ರ. ಅಡಿಗೆಮನೆಯ ಗೂಡಿನಲ್ಲಿಯೋ, ಉಗ್ರಾಣದಲ್ಲಿಯೋ, ಕಬ್ಬಿಣದ ಪೆಟ್ಟಿಗೆಯಲ್ಲಿಯೋ ಎಂದು ಮನೆಯೊಡತಿಯು ನಿಶ್ಚಯಿಸುವಂತೆ, ವಸ್ತುವಿನ ಬೆಲೆಯನ್ನೂ ಬಳಕೆಯನ್ನೂ ನೋಡಿ ಇದನ್ನು ನಿಶ್ಚಯಿಸಬೇಕು.

ಸೆಷನ್ ಮುಗಿಯುವುದೇಕೆ?

ಈಗ ನಮ್ಮ ಸೋದರಿಯ ಮೊದಲ ದೂರಿಗೆ ಬರೋಣ. ಹೋಟೆಲಿನಿಂದ ಗಿರಾಕಿಯು ಎದ್ದು ಹೋದುದನ್ನು ಕಣ್ಣಿನಿಂದ ನೋಡಬಹುದು. ಗಿರಾಕಿಯು ಬ್ರೌಸರನ್ನು ಮುಚ್ಚಿದನೋ, ಮಾತನಾಡಲು ಎದ್ದುಹೋದನೋ, ಮನೆಯ ವಿದ್ಯುತ್ತು ನಿಂತಿತೋ ಎಂಬುದು ಸರ್ವರಿಗೆ ಕಾಣದು. ಅದಕ್ಕೆ ತಿಳಿಯುವುದು ಮೌನವೊಂದೇ. ಬಿಟ್ಟುಹೋದವರ ಕಡತಗಳನ್ನು ಎಂದೆಂದಿಗೂ ಇಟ್ಟುಕೊಂಡಿರಲಾಗದಾದ್ದರಿಂದ ಮೌನಕ್ಕೊಂದು ಗಡುವನ್ನು ಗೊತ್ತುಮಾಡಿರುವರು. ಬೇರೆ ಹೇಳದಿದ್ದರೆ ಡಾಟ್‌ನೆಟ್ಟಿನ ಜಾಲಸಾಧನದಲ್ಲಿ ಇದು 20 ನಿಮಿಷ, ಜಾವಾ ಭಾಷೆಯವರು ಬಳಸುವ ಟಾಮ್‌ಕ್ಯಾಟ್ ಎಂಬುದರಲ್ಲಿ 30 ನಿಮಿಷ, ಪಿ.ಎಚ್.ಪಿ.ಯಲ್ಲಿ 1440 ಸೆಕೆಂಡು, ಎಂದರೆ 24 ನಿಮಿಷ, ಸರಿಯಾಗಿ ನಮ್ಮ ಪಂಚಾಂಗದ ಒಂದು ಗಳಿಗೆ. ಹಣದ ವ್ಯವಹಾರವಿರುವ ಕಡೆಗಳಲ್ಲಿ ಇದನ್ನು ಇನ್ನೂ ಕಡಿಮೆ ಮಾಡಿರುವುದುಂಟು. ತೆರೆದಿಟ್ಟ ಗಣಕಯಂತ್ರದ ಮುಂದೆ ಬೇರೆಯವರು ಬಂದು ಕುಳಿತರೆ ಆಗುವ ಅನರ್ಥಕ್ಕೆ ಇದೇ ತಡೆ. ಅರ್ಧ ಗಂಟೆಯ ಮಾತುಕತೆಯಲ್ಲಿ ಐವರ ಹೆಸರು ಅಳಿದುಹೋದುದು ಈ ಕಾರಣದಿಂದ.

ಹಣ ಹೋಗಿ ಟಿಕೆಟು ಬಾರದುದೇಕೆ?

ಎರಡನೆಯ ದೂರು ಇದಕ್ಕಿಂತ ಗಹನವಾದುದು. ದೂರದ ಬಂಧುವಿಗೆ ಕಾಗದ ಬರೆದು ಉತ್ತರ ಬಾರದಿದ್ದರೆ, ನಮ್ಮ ಕಾಗದವೇ ತಲುಪಲಿಲ್ಲವೋ, ತಲುಪಿ ಅವರ ಉತ್ತರವು ದಾರಿಯಲ್ಲಿ ಕಳೆದುಹೋಯಿತೋ ಎಂಬುದು ನಮಗೆ ತಿಳಿಯದು. ಯಂತ್ರಗಳ ಸ್ಥಿತಿಯೂ ಇದೇ. ಬ್ಯಾಂಕಿನ ಯಂತ್ರವು ಹಣವನ್ನು ಕಳೆದು “ಆಯಿತು” ಎಂದು ಹೇಳಿದ ಮಾತು ಟಿಕೆಟಿನ ಯಂತ್ರವನ್ನು ತಲುಪದಿದ್ದರೆ, ಅಥವಾ ತಲುಪುವ ಹೊತ್ತಿಗೆ ಅಲ್ಲಿ ಗಿರಾಕಿಯ ಕಡತವು ಗಡುವು ಮೀರಿ ಅಳಿದಿದ್ದರೆ, ಬಂದ ಹಣವು ಯಾರದೆಂಬುದೇ ಅದಕ್ಕೆ ಗೊತ್ತಾಗದು. ಹಣ ತೆಗೆದುಕೊಂಡ ನೆನಪು ಒಂದು ಮನೆಯಲ್ಲಿ, ಟಿಕೆಟು ಕೊಡಬೇಕಾದ ನೆನಪು ಮತ್ತೊಂದು ಮನೆಯಲ್ಲಿ. ನಡುವಿನ ದಾರಿ ಕಡಿದಾಗ ಇಂತಹ ತೊಂದರೆಯು ಉಂಟಾಗುವುದು.

ಹಾಗಾದರೆ ಮತ್ತೊಮ್ಮೆ ಕೇಳಿಬಿಡಬಾರದೇ ಎಂದರೆ, ಅದು ಕೆಲಸದ ಬಗೆಯ ಮೇಲೆ ನಿಂತಿರುವುದು. “ಬಾಗಿಲಿನ ಅಗುಳಿ ಹಾಕು” ಎಂದು ಅತ್ತೆಯೂ ಸೊಸೆಯೂ ಬೇರೆ ಬೇರೆಯಾಗಿ ಹೇಳಿದರೆ ಕೆಡುವುದೇನೂ ಇಲ್ಲ. ಹಾಕಿದ ಅಗುಳಿಯು ಹಾಕಿದಂತೆಯೇ ಇರುವುದು. “ಹುಳಿಗೆ ಉಪ್ಪು ಹಾಕು” ಎಂದು ಇಬ್ಬರೂ ಹೇಳಿ ಎರಡು ಸಲ ಹಾಕಿದರೆ ಆ ದಿನದ ಊಟವೇ ಕೆಟ್ಟಿತು. ಕೋರಿಕೆಗಳಲ್ಲಿಯೂ ಈ ಎರಡು ಜಾತಿಗಳುಂಟು. ಪುಟವನ್ನು ತೋರಿಸೆಂಬುದು ಅಗುಳಿಯ ಜಾತಿ; ಹಣವನ್ನು ಕಳೆಯೆಂಬುದು ಉಪ್ಪಿನ ಜಾತಿ. ಹಣ ಕಟ್ಟುವಾಗ “ಹಿಂದಕ್ಕೆ ಹೋಗಬೇಡಿರಿ, ಪುಟವನ್ನು ಮತ್ತೆ ತೆರೆಯಬೇಡಿರಿ” ಎಂಬ ಎಚ್ಚರಿಕೆಯು ಕಾಣಿಸುವುದು ಈ ಉಪ್ಪಿನ ಭಯದಿಂದಲೇ.

ಬಲ್ಲವರು ಇದಕ್ಕೂ ಪರಿಹಾರ ಕಂಡಿರುವರು. ಪ್ರತಿಯೊಂದು ಪಾವತಿಯ ಸಂಕಲ್ಪಕ್ಕೂ ಮೊದಲೇ ಒಂದು ಗುರುತಿನ ಅಂಕಿಯನ್ನು ಕೊಟ್ಟು, ಆ ಅಂಕಿಯೊಡನೆಯೇ ಕೋರಿಕೆಯನ್ನು ಕಳುಹಿಸುವರು. ಅದೇ ಅಂಕಿಯು ಎರಡನೆಯ ಸಲ ಬಂದರೆ, ಬ್ಯಾಂಕಿನ ಯಂತ್ರವು ಹಣವನ್ನು ಮತ್ತೆ ಕಳೆಯದೆ, ಮೊದಲು ಕೊಟ್ಟ ಉತ್ತರವನ್ನೇ ಮತ್ತೆ ಹೇಳುವುದು. ಹೀಗೆ ಮಾಡಿದಲ್ಲಿ ಉಪ್ಪಿನ ಕೆಲಸವೂ ಅಗುಳಿಯ ಕೆಲಸದಂತೆ ನಿರಪಾಯವಾಗುವುದು. ಎಲ್ಲ ಕಡೆಯಲ್ಲಿಯೂ ಈ ಎಚ್ಚರವಿರುವುದೆಂದು ನಂಬುವಂತಿಲ್ಲ. ಆದುದರಿಂದ ನಮ್ಮ ಎಚ್ಚರದಲ್ಲಿ ನಾವಿರುವುದು ಲೇಸು.

ಬಿಲ್ಲೆಯ ಕಳವು

ಬಿಲ್ಲೆಯನ್ನು ಹಿಡಿದವನೇ ಚಪ್ಪಲಿಯ ಒಡೆಯನೆಂದು ಕಾವಲಿನವನು ನಂಬುವನಷ್ಟೆ. ಸರ್ವರೂ ಹಾಗೆಯೇ. ಗುಪ್ತಪದವನ್ನು ಅದು ಕೇಳುವುದು ಮೊದಲೊಮ್ಮೆ ಮಾತ್ರ. ಆಮೇಲೆ ನೋಡುವುದು ಬಿಲ್ಲೆಯನ್ನೇ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ಕಾರ್ಯಕ್ರಮಕಾರರು ಫೈರ್‌ಶೀಪ್ ಎಂಬ ಸಣ್ಣ ಸಾಧನವನ್ನು ಪ್ರಕಟಿಸಿ ಇದನ್ನು ಎಲ್ಲರ ಕಣ್ಣಿಗೂ ತೋರಿಸಿದರು. ಕಾಫಿ ಅಂಗಡಿಯಂತಹ ಕಡೆಯಲ್ಲಿ ಕಾವಲಿಲ್ಲದ ವೈಫೈ ಬಳಸುತ್ತಿರುವವರ ಕುಕಿಗಳನ್ನು ಅದು ಗಾಳಿಯಲ್ಲಿಯೇ ಹಿಡಿದು, ಒಂದೇ ಒತ್ತಿನಿಂದ ಅವರ ಖಾತೆಯೊಳಕ್ಕೆ ಹೋಗಗೊಡುತ್ತಿದ್ದಿತು. ಆಗ ಅನೇಕ ಜಾಲತಾಣಗಳು ಗುಪ್ತಪದವನ್ನು ಮಾತ್ರ ಮರೆಮಾಡಿ, ಬಿಲ್ಲೆಯನ್ನು ಬಯಲಿನಲ್ಲಿಯೇ ಕಳುಹಿಸುತ್ತಿದ್ದುದು ಇದಕ್ಕೆ ಕಾರಣ. ಅದಾದ ಮೇಲೆ ಮೊದಲಿನಿಂದ ಕೊನೆಯವರೆಗೂ ಮರೆಮಾಡಿ ಕಳುಹಿಸುವ ಪದ್ಧತಿಯು ಬಲವಾಗಿ ಹಬ್ಬಿತು. ಆದರೂ ನಮ್ಮ ಯಂತ್ರದೊಳಗೇ ಕೆಟ್ಟ ಕಾರ್ಯಕ್ರಮವು ಸೇರಿಕೊಂಡರೆ ಬಿಲ್ಲೆಯು ಅಲ್ಲಿಂದಲೇ ಕಳವಾಗುವುದು. ಆಗ ಗುಪ್ತಪದವೂ ಮೊಬೈಲಿಗೆ ಬರುವ ಒ.ಟಿ.ಪಿ.ಯೂ ಕಾಪಾಡಲಾರವು, ಅವುಗಳನ್ನು ಕೇಳುವ ಬಾಗಿಲನ್ನು ಕಳ್ಳನು ಆಗಲೇ ದಾಟಿರುವನು.

ಮನೆಯವರು ನಡೆದುಕೊಳ್ಳತಕ್ಕ ಕ್ರಮ

1. ನಮೂನೆಯನ್ನು ತುಂಬುವ ಮೊದಲು ಹೆಸರು, ವಯಸ್ಸು, ಗುರುತಿನ ಪತ್ರ, ಬ್ಯಾಂಕಿನ ವಿವರ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿರಿ. ನಡುವೆ ಏಳಬೇಕಾದರೆ, ಹಣ ಕಟ್ಟುವ ಪುಟಕ್ಕೆ ಹೋಗುವ ಮೊದಲೇ ಏಳಿರಿ.

2. ಹಣ ಹೋಗಿ ಟಿಕೆಟು ಬಾರದಿದ್ದರೆ ಗಾಬರಿಯಿಂದ ಮತ್ತೆ ಕಟ್ಟಬೇಡಿರಿ. ಮೊದಲು ಟಿಕೆಟಿನ ಖಾತೆಯನ್ನೂ ಬ್ಯಾಂಕಿನ ಲೆಕ್ಕವನ್ನೂ ನೋಡಿ, ವ್ಯವಹಾರದ ಅಂಕಿಯನ್ನು ಬರೆದಿಟ್ಟುಕೊಳ್ಳಿರಿ, ಯು.ಪಿ.ಐ.ಯಲ್ಲಿ ಅದು 12 ಸ್ಥಾನಗಳದ್ದು. ಎರಡು ಯಂತ್ರಗಳ ಕಳೆದುಹೋದ ನೆನಪನ್ನು ಮತ್ತೆ ಜೋಡಿಸುವ ದಾರವು ಅದೊಂದೇ.

3. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಯು.ಪಿ.ಐ. ಅಥವಾ ಕಾರ್ಡಿನ ಮೂಲಕ ವ್ಯಾಪಾರಿಗೆ ಕಟ್ಟಿದ ಹಣವು ನಮ್ಮ ಲೆಕ್ಕದಿಂದ ಹೋಗಿ ವ್ಯಾಪಾರಿಗೆ ದೃಢಪಡದಿದ್ದರೆ, ವ್ಯವಹಾರದ ದಿನದಿಂದ 5 ದಿನಗಳೊಳಗೆ ಅದು ತಾನಾಗಿ ಹಿಂದಕ್ಕೆ ಬರಬೇಕೆಂದೂ, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕೆಂದೂ ವಿಧಿಸಿತು. ಬಾರದಿದ್ದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿರಿ. 30 ದಿನಗಳಲ್ಲಿ ಉತ್ತರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು.

4. ಸೈಬರ್ ಕೇಂದ್ರ, ಕಚೇರಿ, ಬಂಧುಗಳ ಮನೆ ಮೊದಲಾದ ಕಡೆಗಳಲ್ಲಿ “ನನ್ನನ್ನು ನೆನಪಿಡು” ಎಂಬ ಚೌಕವನ್ನು ಒತ್ತಬೇಡಿರಿ. ಅದು ದೀರ್ಘಕಾಲದ ಬಿಲ್ಲೆಯನ್ನು ಆ ಯಂತ್ರದಲ್ಲಿಯೇ ಬಿಟ್ಟುಬರುವುದು. ಕೆಲಸ ಮುಗಿದ ಮೇಲೆ ಪುಟವನ್ನು ಮುಚ್ಚಿದರೆ ಸಾಲದು. ಲಾಗೌಟ್ ಒತ್ತಿ ಬಿಲ್ಲೆಯನ್ನು ಮರಳಿ ಒಪ್ಪಿಸಿಯೇ ಏಳಬೇಕು.

5. ಫೋನು ಕಳೆದಾಗ ಅಥವಾ ಅನುಮಾನ ಬಂದಾಗ ಗುಪ್ತಪದವನ್ನು ಬದಲಿಸುವುದರ ಜೊತೆಗೆ, ಎಲ್ಲ ಸಾಧನಗಳಿಂದಲೂ ಹೊರಬರುವ ಆಜ್ಞೆಯು ಇದ್ದಲ್ಲಿ ಅದನ್ನೂ ಒತ್ತಿರಿ. ಗುಪ್ತಪದ ಬದಲಾದರೂ ಹಳೆಯ ಬಿಲ್ಲೆಗಳು ಕೆಲವೆಡೆ ಬದುಕಿರುವುದುಂಟು.

ಮನೆಯ ಹಿರಿಯರು ಈ ಯಂತ್ರಗಳ ಮುಂದೆ ಕುಳಿತು ಕೆಲಸ ಕೆಟ್ಟಾಗ, ತಮಗೇ ಏನೂ ತಿಳಿಯದೆಂದು ನೊಂದುಕೊಳ್ಳುವುದನ್ನು ನಾವು ನೋಡುತ್ತಿರುವೆವು. ಅವರ ತಿಳಿವಳಿಕೆಯಲ್ಲಿ ದೋಷವಿಲ್ಲವೆಂದೂ ಎದುರಿನಲ್ಲಿರುವುದು ಮರೆವನ್ನೇ ಧರ್ಮವಾಗಿ ಪಡೆದ ಯಂತ್ರವೆಂದೂ ಕಿರಿಯರು ಅವರಿಗೆ ತಾಳ್ಮೆಯಿಂದ ತಿಳಿಯಹೇಳಬೇಕು. ವ್ಯವಹಾರದ ಅಂಕಿಯನ್ನು ಬರೆದಿಡಲು ಫೋನಿನ ಪಕ್ಕದಲ್ಲಿ ಒಂದು ಸಣ್ಣ ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಇಟ್ಟುಕೊಟ್ಟರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಮುಂದಿನ ಸಂಚಿಕೆಯಲ್ಲಿ, ಮೊಬೈಲಿಗೆ ಬರುವ ಒ.ಟಿ.ಪಿ.ಯ ಅಂಕಿಗಳು ಹೇಗೆ ಹುಟ್ಟುವುವೆಂಬುದನ್ನು ವಿಚಾರಿಸೋಣ.